ಮೃದುಮರದ ರಫ್ತು ಮೌಲ್ಯ: ಕೆನಡಾ ಮತ್ತು ನ್ಯೂಜಿಲೆಂಡ್ ಅಂಕಿಗಳನ್ನು ಓದುವ ಬಗೆ

ಮದ್ದೂರು ತಾಲ್ಲೂಕಿನ ಸೋಮನಹಳ್ಳಿ, ಗೆಜ್ಜಲಗೆರೆ ಹಾಗೂ ಮಂಡ್ಯದ ಬಳಿಯ ತೂಬಿನಕೆರೆಯಂತಹ ಕೈಗಾರಿಕಾ ಪ್ರದೇಶಗಳಿಗೆ ಪೆಟ್ಟಿಗೆ, ಪ್ಯಾಲೆಟ್ ಒದಗಿಸುವ ಸಣ್ಣ ತಯಾರಕರಿಗೆ ಪೈನ್ ಮರ ಪರಿಚಿತ ಕಚ್ಚಾವಸ್ತು. ಕಾಂಡ್ಲಾ, ತೂತ್ತುಕುಡಿ ಬಂದರುಗಳಲ್ಲಿ ಇಳಿಯುವ ಈ ಮರದ ಬಗ್ಗೆ ಸರಬರಾಜುದಾರನು ಒಂದು ನಕ್ಷೆಯನ್ನು ತೋರಿಸಿ, ‘ಆ ದೇಶದ ರಫ್ತು ಏರುತ್ತಿದೆ, ಮಾಲು ಧಾರಾಳ’ ಎಂದು ಹೇಳಿದರೆ ನಂಬಿ ಮುಂಗಡ ಕೊಡಬಹುದೇ? ನಕ್ಷೆಯಲ್ಲಿರುವುದು ಮೌಲ್ಯವೋ, ಪ್ರಮಾಣವೋ ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ.

ಮೌಲ್ಯವೆಂದರೆ ದರವನ್ನು ಪ್ರಮಾಣದಿಂದ ಗುಣಿಸಿದ ಮೊತ್ತ. ಬೇಸಿಗೆಯಲ್ಲಿ ಮದ್ದೂರಿನ ಎಳನೀರು ಮಾರುಕಟ್ಟೆಯ ವಹಿವಾಟು ಹೆಚ್ಚಿತೆಂದ ಮಾತ್ರಕ್ಕೆ ಕಾಯಿಗಳ ಸಂಖ್ಯೆ ಹೆಚ್ಚಿತೆಂದು ಯಾವ ವರ್ತಕನೂ ತಿಳಿಯುವುದಿಲ್ಲ. ಮರದ ವಿಷಯದಲ್ಲಿ ಇದೇ ಎಚ್ಚರ ತಪ್ಪುತ್ತದೆ. ಉತ್ತರ ಅಮೆರಿಕದ ವಾಯಿದಾ ಪೇಟೆಯಲ್ಲಿ 2020ರ ಆರಂಭದಲ್ಲಿ ಸಾವಿರ ಬೋರ್ಡ್ ಅಡಿಗೆ ಸುಮಾರು 400 ಡಾಲರ್ ಇದ್ದ ದರ, 2021ರ ಮೇ ತಿಂಗಳಲ್ಲಿ 1,600 ಡಾಲರ್ ದಾಟಿತು. 2022ರ ಕೊನೆಗೆ ಮತ್ತೆ 400ರ ಕೆಳಗಿಳಿಯಿತು. ಕೆನಡಾದ ರಫ್ತಿನ ಬಹುಭಾಗ ಅಮೆರಿಕಕ್ಕೇ ಹೋಗುವುದರಿಂದ 2021ರಲ್ಲಿ ಅದರ ಮೌಲ್ಯ ಗಗನಕ್ಕೇರಿತು. ಕಾಡಿನಲ್ಲಿ ಮರವೇನೂ ನಾಲ್ಕು ಪಟ್ಟು ಬೆಳೆದಿರಲಿಲ್ಲ! ಆ ನಕ್ಷೆಯನ್ನು ಕಂಡು ‘ಮಾಲು ಧಾರಾಳ’ವೆಂದು ಭಾವಿಸಿದವನು ವಾಸ್ತವದಲ್ಲಿ ಅಭಾವವನ್ನೇ ಸಮೃದ್ಧಿಯೆಂದು ಓದಿದಂತಾಯಿತು.

ಎರಡು ದೇಶಗಳನ್ನು ಹೋಲಿಸುವಾಗ ತೊಡಕು ಇನ್ನೂ ಹೆಚ್ಚು. ಕೆನಡಾ ಮುಖ್ಯವಾಗಿ ಕೊಯ್ದ ಮರವನ್ನು ಕಳುಹಿಸುತ್ತದೆ. ದಿಮ್ಮಿಗಳ ರಫ್ತಿಗೆ ಅಲ್ಲಿ ಪರವಾನಗಿ ಬೇಕು. ನ್ಯೂಜಿಲೆಂಡಾದರೋ ತನ್ನ ರೇಡಿಯಾಟಾ ಪೈನ್ ಕಟಾವಿನ ಅರ್ಧಕ್ಕಿಂತ ಹೆಚ್ಚನ್ನು ದಿಮ್ಮಿಯಾಗಿಯೇ, ಅದರಲ್ಲೂ ಬಹುಪಾಲನ್ನು ಚೀನಾಕ್ಕೆ ಮಾರುತ್ತದೆ. ಸುಂಕದ ಪಟ್ಟಿಯಲ್ಲಿ ದಿಮ್ಮಿ 4403ನೆಯ ಶೀರ್ಷಿಕೆಯಲ್ಲಿದ್ದರೆ ಕೊಯ್ದ ಮರ 4407ರಲ್ಲಿದೆ. ಇವೆರಡನ್ನೂ ಒಂದೇ ನಕ್ಷೆಯಲ್ಲಿ ಎದುರುಬದುರು ಇಡುವುದು ಒಬ್ಬನ ಕಬ್ಬಿನ ಹಣವನ್ನು ಇನ್ನೊಬ್ಬನ ಆಲೆಮನೆಯ ಬೆಲ್ಲದ ಹಣದೊಡನೆ ತೂಗಿದಂತೆ.

ಆಧಾರ ವರ್ಷದ ಆಯ್ಕೆಯಲ್ಲಿಯೂ ಜಾಣತನ ಅಡಗಿರಬಹುದು. ಅಮೆರಿಕದಲ್ಲಿ 2005ರಲ್ಲಿ 20 ಲಕ್ಷಕ್ಕೂ ಹೆಚ್ಚು ಮನೆಗಳ ನಿರ್ಮಾಣ ಆರಂಭವಾಗಿತ್ತು. 2009ರಲ್ಲಿ ಅದು ಸುಮಾರು 5.5 ಲಕ್ಷಕ್ಕೆ ಕುಸಿಯಿತು. 2009ನ್ನು 100 ಎಂದಿಟ್ಟರೆ ಮುಂದಿನ ವರ್ಷಗಳ ಕೆನಡಾ ಏರುಮುಖವಾಗಿ, 2005ನ್ನು 100 ಎಂದಿಟ್ಟರೆ ಸೊರಗಿದಂತೆ ಕಾಣುತ್ತದೆ. ಅದೇ ಅವಧಿಯಲ್ಲಿ, ರಷ್ಯಾ 2007 ಮತ್ತು 2008ರಲ್ಲಿ ದಿಮ್ಮಿಗಳ ರಫ್ತು ಸುಂಕವನ್ನು ಏರಿಸಿದಾಗ ಚೀನಾದ ಖರೀದಿದಾರರು ನ್ಯೂಜಿಲೆಂಡಿನತ್ತ ತಿರುಗಿದರು. ಒಂದರ ಇಳಿಕೆಗೂ ಮತ್ತೊಂದರ ಏರಿಕೆಗೂ ಕಾರಣಗಳೇ ಬೇರೆ.

ಕರೆನ್ಸಿಯನ್ನೂ ಮರೆಯುವಂತಿಲ್ಲ. ಕೆನಡಾ ಡಾಲರ್ 2007ರ ಕೊನೆಯಲ್ಲಿ ಅಮೆರಿಕದ ಡಾಲರನ್ನು ಮೀರಿತ್ತು. 2016ರ ಜನವರಿಯಲ್ಲಿ 70 ಸೆಂಟಿನ ಆಸುಪಾಸಿಗೆ ಇಳಿಯಿತು. ಎರಡೂ ದೇಶಗಳ ಅಂಕಿಗಳನ್ನು ಆಯಾ ವರ್ಷದ ಸರಾಸರಿ ದರದಲ್ಲಿ ಒಂದೇ ನಾಣ್ಯಕ್ಕೆ ಪರಿವರ್ತಿಸಿಕೊಳ್ಳುವುದು ಕ್ಷೇಮ. ನ್ಯೂಜಿಲೆಂಡಿನ ಅರಣ್ಯ ಅಂಕಿಗಳಲ್ಲಿ ವರ್ಷವು ಸಾಮಾನ್ಯವಾಗಿ ಜೂನ್‌ಗೆ ಮುಗಿಯುತ್ತದೆ, ನಮ್ಮದು ಮಾರ್ಚ್‌ಗೆ. ರಫ್ತಿನ ಅಂಕಿಯಲ್ಲಿ ಹಡಗಿನ ಬಾಡಿಗೆ, ವಿಮೆ ಸೇರಿರುವುದಿಲ್ಲ. ನಮ್ಮ ಆಮದಿನ ಅಂಕಿಯಲ್ಲಿ ಸೇರಿರುತ್ತವೆ.

ಆದ್ದರಿಂದ ಮೌಲ್ಯವನ್ನು ಘನ ಮೀಟರಿನಿಂದ ಭಾಗಿಸಿ ಏಕಮಾನ ದರವನ್ನು ಕಂಡುಕೊಂಡು, ದಿಮ್ಮಿಗೆ ದಿಮ್ಮಿಯನ್ನೇ, ಹಲಗೆಗೆ ಹಲಗೆಯನ್ನೇ ಹೋಲಿಸತಕ್ಕದ್ದು. ಒಂದು ಘನ ಮೀಟರಿಗೆ 35.3 ಘನ ಅಡಿ. ಸಾವಿರ ಬೋರ್ಡ್ ಅಡಿಗೆ ಹೆಸರಿಗೆ 83.3 ಘನ ಅಡಿ. ‘ಹೆಸರಿಗೆ’ ಎಂದದ್ದಕ್ಕೆ ಕಾರಣವಿದೆ: ಅಲ್ಲಿ ಎರಡಂಗುಲ-ನಾಲ್ಕಂಗುಲವೆಂದು ಮಾರುವ ತುಂಡು ಒಣಗಿಸಿ ಹತ್ತರಿ ಹೊಡೆದ ಬಳಿಕ ಒಂದೂವರೆ-ಮೂರೂವರೆ ಅಂಗುಲವಷ್ಟೇ ಇರುತ್ತದೆ. ಅಂದರೆ ಕೈಗೆ ಸಿಗುವ ಮರ ಶೇ. 66ಕ್ಕಿಂತ ತುಸು ಕಡಿಮೆ. ಮಳವಳ್ಳಿಯ ಪೆಟ್ಟಿಗೆ ತಯಾರಕನು ಘನ ಅಡಿಯ ದರ ಕೇಳುವಾಗ ಅದು ಯಾವ ಅಳತೆಯ ಮೇಲಿನ ದರವೆಂಬುದನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಬೇಕು.