ಮನೆಯೋ ಕಚೇರಿಯೋ: ದುಡಿಯುವ ದೇಹದ ಲೆಕ್ಕ

2020ಕ್ಕೆ ಮೊದಲು ಕಚೇರಿಯ ಕೆಲಸ ಕಚೇರಿಯಲ್ಲಿಯೇ ನಡೆಯಬೇಕೆಂಬುದು ಲೋಕರೂಢಿಯಾಗಿತ್ತು. ಕೊರೊನಾ ಮಹಾಮಾರಿಯ ಕಾಲದಲ್ಲಿ ಆ ರೂಢಿ ಮುರಿದು, ಕೋಟ್ಯಂತರ ಮಂದಿ ಮನೆಯ ಒಂದು ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದುಡಿಯತೊಡಗಿದರು. ರೋಗದ ಭಯ ಕಳೆದ ಮೇಲೆಯೂ ಆ ಪದ್ಧತಿ ಪೂರ್ತಿಯಾಗಿ ಅಳಿಯಲಿಲ್ಲ. ನಮ್ಮ ಭಕ್ತರ ಎಷ್ಟೋ ಮನೆಗಳಲ್ಲಿ ಬೆಂಗಳೂರಿನ ಅಥವಾ ವಿದೇಶದ ಕಂಪನಿಗಳಿಗೆ ಹೀಗೆ ದುಡಿಯುವ ಮಗನೋ ಮಗಳೋ ಸೊಸೆಯೋ ಇದ್ದಾರೆ. ಈ ಪದ್ಧತಿ ಉಳಿಯಬೇಕೇ, ನಿಲ್ಲಬೇಕೇ ಎಂಬ ವಾದ ಹಲವು ದೇಶಗಳಲ್ಲಿ ನಡೆದಿದೆ. ಅಮೆರಿಕದ ಕೇಂದ್ರ ಸರ್ಕಾರದ ನೌಕರರ ವಿಷಯದಲ್ಲಂತೂ ಅದು ಬಹಳ ತೀಕ್ಷ್ಣವಾಗಿ ಕೇಳಿಬಂದಿತು. ಆ ವಾದದಲ್ಲಿ ಹಣದ ಲೆಕ್ಕವೂ ಕೆಲಸದ ಲೆಕ್ಕವೂ ಧಾರಾಳವಾಗಿ ಬಂದವು. ದುಡಿಯುವವರ ಆರೋಗ್ಯದ ಲೆಕ್ಕವನ್ನೂ ಅವುಗಳ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಆದೇಶದ ಹಿನ್ನೆಲೆ

ಅಮೆರಿಕದ ಸರ್ಕಾರಿ ನೌಕರರಿಗೆ ಮನೆಯಿಂದ ಕೆಲಸ ಮಾಡುವ ಅವಕಾಶ ಮಹಾಮಾರಿಯಿಂದ ಹುಟ್ಟಿದ್ದಲ್ಲ. ಯಾವ ನೌಕರರು ಹೀಗೆ ದುಡಿಯಲು ಅರ್ಹರು ಎಂಬುದನ್ನು ಪ್ರತಿ ಇಲಾಖೆಯೂ ನಿರ್ಧರಿಸಬೇಕೆಂಬ ಕಾಯಿದೆ 2010ರಲ್ಲಿಯೇ ಜಾರಿಗೆ ಬಂದಿತ್ತು. ಮಹಾಮಾರಿಯ ಕಾಲದಲ್ಲಿ ಅದರ ಬಳಕೆ ಬಹುವಾಗಿ ಹೆಚ್ಚಿತು. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಎಲ್ಲ ಇಲಾಖೆಗಳಿಗೂ ಆದೇಶವೊಂದನ್ನು ಹೊರಡಿಸಿದರು. ದೂರದಿಂದ ದುಡಿಯುವ ಏರ್ಪಾಡುಗಳನ್ನು ಕೊನೆಗಾಣಿಸಿ, ನೌಕರರು ಪೂರ್ಣಾವಧಿ ತಮ್ಮ ಕಚೇರಿಗಳಿಗೆ ಮರಳುವಂತೆ ಮಾಡಬೇಕೆಂಬುದು ಅದರ ಸಾರಾಂಶ. ಅಂಗವೈಕಲ್ಯ, ಗಂಭೀರ ಅನಾರೋಗ್ಯ ಅಥವಾ ಇತರ ಬಲವಾದ ಕಾರಣವುಳ್ಳವರಿಗೆ ವಿನಾಯಿತಿ ನೀಡಬಹುದೆಂದು ಎರಡು ದಿನಗಳ ನಂತರ ಹೊರಬಿದ್ದ ಮಾರ್ಗಸೂಚಿ ತಿಳಿಸಿತು.

ಸರ್ಕಾರಿ ನೌಕರರೆಲ್ಲರೂ ಮನೆಯಲ್ಲಿಯೇ ಕುಳಿತಿದ್ದರೆಂಬುದು ನಿಜವಲ್ಲ. 2024ರ ಸರ್ಕಾರಿ ವರದಿಯಂತೆ, ಸುಮಾರು 23 ಲಕ್ಷ ನಾಗರಿಕ ನೌಕರರಲ್ಲಿ ಶೇ. 54ರಷ್ಟು ಮಂದಿಯ ಕೆಲಸವೇ ಸ್ಥಳದಲ್ಲಿದ್ದು ಮಾಡಬೇಕಾದಂಥದು. ಆಸ್ಪತ್ರೆಯ ದಾದಿಯಾಗಲಿ, ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿಯಾಗಲಿ ಮನೆಯಿಂದ ದುಡಿಯಲಾರರು. ಸಂಪೂರ್ಣವಾಗಿ ದೂರದಿಂದಲೇ ದುಡಿಯುತ್ತಿದ್ದವರು ಶೇ. 10ರಷ್ಟು. ಉಳಿದವರು ಕೆಲವು ದಿನ ಮನೆಯಲ್ಲಿ, ಕೆಲವು ದಿನ ಕಚೇರಿಯಲ್ಲಿ ಇರುತ್ತಿದ್ದರು.

ಎರಡೂ ಪಕ್ಷಗಳಲ್ಲಿ ಹುರುಳುಂಟು

ಕಚೇರಿಗೆ ಮರಳಬೇಕೆನ್ನುವವರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2023ರಲ್ಲಿ ಪರಿಶೀಲಿಸಿದ 24 ಇಲಾಖೆಗಳ ಪೈಕಿ 17 ಇಲಾಖೆಗಳು ತಮ್ಮ ಕೇಂದ್ರ ಕಚೇರಿಯ ಕಟ್ಟಡಗಳ ಸಾಮರ್ಥ್ಯದಲ್ಲಿ ಶೇ. 25 ಅಥವಾ ಅದಕ್ಕೂ ಕಡಿಮೆ ಭಾಗವನ್ನು ಬಳಸುತ್ತಿದ್ದವು. ಸರ್ಕಾರಿ ಕಚೇರಿ ಕಟ್ಟಡಗಳ ನಿರ್ವಹಣೆಗೆ ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ವೆಚ್ಚವಾಗುತ್ತದೆ. ಇದು ಜನರ ತೆರಿಗೆಯ ಹಣ. ಹೊಸದಾಗಿ ಸೇರಿದವರು ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುವ ವಿದ್ಯೆ ಪರದೆಯ ಮೂಲಕ ಸುಲಭವಾಗಿ ದೊರಕದು ಎಂಬ ಮಾತಿನಲ್ಲಿಯೂ ಸತ್ಯಾಂಶವಿದೆ.

ವಿರೋಧಿಸುವವರ ಬಳಿಯೂ ಆಧಾರಗಳಿವೆ. ಅಮೆರಿಕದ ಪೇಟೆಂಟ್ ಕಚೇರಿಯಲ್ಲಿ ಅರ್ಜಿಗಳನ್ನು ಪರೀಕ್ಷಿಸುವ ನೌಕರರಿಗೆ ತಮಗೆ ಬೇಕಾದ ಊರಿನಲ್ಲಿದ್ದು ದುಡಿಯುವ ಅವಕಾಶ ನೀಡಿದಾಗ ಅವರ ಕೆಲಸದ ಪ್ರಮಾಣ ಶೇ. 4.4ರಷ್ಟು ಹೆಚ್ಚಿದುದನ್ನು ಸಂಶೋಧಕರು ಗುರುತಿಸಿದ್ದಾರೆ. ಚೀನಾದ ಪ್ರವಾಸ ಕಂಪನಿಯೊಂದರ 1,612 ನೌಕರರ ಅಧ್ಯಯನ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರ ಕಾರ್ಯದಕ್ಷತೆ ಕುಂದಲಿಲ್ಲ. ಕೆಲಸ ಬಿಟ್ಟು ಹೋಗುವವರ ಪ್ರಮಾಣ ಮೂರನೆಯ ಒಂದು ಭಾಗದಷ್ಟು ಇಳಿಯಿತು.

ದೇಹ ಹೇಳುವ ಸಾಕ್ಷ್ಯ

ಪ್ರತಿದಿನ ದೂರ ಪ್ರಯಾಣ ಮಾಡುವುದು ದೇಹಕ್ಕೆ ಭಾರ. ಟೆಕ್ಸಾಸ್ ರಾಜ್ಯದ 4,297 ಮಂದಿಯನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಚೇರಿ ದೂರವಾದಷ್ಟೂ ದೈಹಿಕ ಕ್ಷಮತೆ ಕಡಿಮೆಯಾಗಿಯೂ ಸೊಂಟದ ಸುತ್ತಳತೆ, ರಕ್ತದೊತ್ತಡಗಳು ಹೆಚ್ಚಾಗಿಯೂ ಕಂಡುಬಂದವು. ವಾಹನದಲ್ಲಿ ಕಳೆಯುವ ಹೊತ್ತು ನಡಿಗೆಯಿಂದಲೂ ನಿದ್ರೆಯಿಂದಲೂ ಕದ್ದ ಹೊತ್ತಾಗಿರುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಂಜೆ ಸಿಕ್ಕಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಉಳಿದ ಹೊತ್ತೆಲ್ಲ ವಿಶ್ರಾಂತಿಗೆ ಸಂದಿತೆಂದು ಭಾವಿಸಲಾಗದು. 27 ದೇಶಗಳ ಸಮೀಕ್ಷೆಯೊಂದರ ಪ್ರಕಾರ ಮನೆಯಿಂದ ದುಡಿಯುವವರಿಗೆ ದಿನಕ್ಕೆ ಸರಾಸರಿ 72 ನಿಮಿಷ ಉಳಿಯುತ್ತದೆ; ಅದರಲ್ಲಿ ಶೇ. 40ರಷ್ಟು ಮತ್ತೆ ಕೆಲಸಕ್ಕೇ ಹೋಗುತ್ತದೆ. ಮನೆಯಲ್ಲಿ ದುಡಿಮೆಗೆ ಬಾಗಿಲು ಹಾಕುವ ಗಂಟೆಯಿಲ್ಲ. ರಾತ್ರಿಯ ಊಟದ ಹೊತ್ತಿನಲ್ಲಿಯೂ ಸಂದೇಶಕ್ಕೆ ಉತ್ತರಿಸುವ ಅಭ್ಯಾಸ ಬೆಳೆಯುತ್ತದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಜಂಟಿಯಾಗಿ ಪ್ರಕಟಿಸಿದವು. ಇದೇ ಸಂಸ್ಥೆಗಳು ಮರುವರ್ಷ, ಸರಿಯಾದ ವ್ಯವಸ್ಥೆಯಿಲ್ಲದೆ ಮನೆಯಿಂದ ದುಡಿದರೆ ಕತ್ತು ಬೆನ್ನುಗಳ ನೋವು, ಕಣ್ಣಿನ ಆಯಾಸ, ಬೊಜ್ಜು, ಖಿನ್ನತೆ ಮತ್ತು ಒಂಟಿತನ ಬಾಧಿಸಬಹುದೆಂದು ಎಚ್ಚರಿಸಿದವು.

ಒಂಟಿತನವನ್ನು ಮನಸ್ಸಿನ ಕೊರಗೆಂದು ಮಾತ್ರ ತಿಳಿಯಬಾರದು. ಅಮೆರಿಕದ ಸರ್ಜನ್ ಜನರಲ್ ಹುದ್ದೆಯಲ್ಲಿದ್ದ ಡಾ. ವಿವೇಕ್ ಮೂರ್ತಿ ಅವರು 2023ರಲ್ಲಿ ಈ ಬಗ್ಗೆ ರಾಷ್ಟ್ರಕ್ಕೆ ಎಚ್ಚರಿಕೆ ನೀಡಿದರು. ಅವರ ಪೂರ್ವಿಕರ ಊರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಸಾಮಾಜಿಕ ಸಂಬಂಧಗಳು ಕ್ಷೀಣಿಸಿದವರಿಗೆ ಹೃದ್ರೋಗದ ಅಪಾಯ ಶೇ. 29ರಷ್ಟೂ ಪಾರ್ಶ್ವವಾಯುವಿನ ಅಪಾಯ ಶೇ. 32ರಷ್ಟೂ ಹೆಚ್ಚೆಂದು ಅವರ ವರದಿ ತಿಳಿಸುತ್ತದೆ. ಅದಕ್ಕೂ ಮುನ್ನ 2022ರಲ್ಲಿ ಅವರು ದುಡಿಯುವ ಸ್ಥಳದ ಆರೋಗ್ಯಕ್ಕೆ ಐದು ಅಂಶಗಳನ್ನು ಸೂಚಿಸಿದ್ದರು: ಹಾನಿಯಿಂದ ರಕ್ಷಣೆ, ಮನುಷ್ಯರ ಒಡನಾಟ, ಕೆಲಸಕ್ಕೂ ಬದುಕಿಗೂ ಹೊಂದಾಣಿಕೆ, ತನ್ನ ದುಡಿಮೆಗೆ ಬೆಲೆಯಿದೆಯೆಂಬ ಭಾವ, ಬೆಳೆಯುವ ಅವಕಾಶ. ಇವುಗಳಲ್ಲಿ ಒಡನಾಟ ಕಚೇರಿಯಲ್ಲಿ ಸುಲಭವಾಗಿ ದೊರೆಯುತ್ತದೆ. ಬದುಕಿನ ಹೊಂದಾಣಿಕೆಗೆ ಮನೆ ಹೆಚ್ಚು ಅನುಕೂಲ. ಒಂದೇ ಸ್ಥಳದಲ್ಲಿ ಐದೂ ತಾವಾಗಿ ಕೂಡಿಬರುವುದಿಲ್ಲ.

ಎಲ್ಲರಿಗೂ ಒಂದೇ ಅಳತೆಯೇ?

ಆದ್ದರಿಂದ ಮನೆ ಆರೋಗ್ಯಕರ, ಕಚೇರಿ ಅನಾರೋಗ್ಯಕರ ಎಂದಾಗಲಿ, ಅದಕ್ಕೆ ವಿರುದ್ಧವಾಗಿಯಾಗಲಿ ತೀರ್ಪು ಕೊಡಲಾಗದು. ವೈದ್ಯರು ಎಲ್ಲ ರೋಗಿಗಳಿಗೂ ಒಂದೇ ಪ್ರಮಾಣದ ಔಷಧ ಕೊಡುವುದಿಲ್ಲ. ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಗಾಲಿಕುರ್ಚಿಯಲ್ಲಿರುವವರು, ಹಾಲೂಡಿಸುವ ತಾಯಂದಿರು, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರು ಮನೆಯಿಂದ ದುಡಿಯುವ ಅವಕಾಶದಿಂದಲೇ ಉದ್ಯೋಗದಲ್ಲಿ ಉಳಿಯಬಲ್ಲರು. ಇಕ್ಕಟ್ಟಾದ ಕೋಣೆಯಲ್ಲಿ ಒಬ್ಬಂಟಿಯಾಗಿ ಬದುಕುವ ತರುಣನಿಗೆ ಕಚೇರಿಯ ನಾಲ್ಕು ಮಾತುಗಳೇ ಮದ್ದು. ಆದೇಶದಲ್ಲಿ ವಿನಾಯಿತಿಯ ಬಾಗಿಲನ್ನು ತೆರೆದಿಟ್ಟರೆ ಸಾಲದು, ಅದರೊಳಗೆ ಹೋಗಲು ಕುಗ್ಗಿದ ದೇಹಕ್ಕೆ ತ್ರಾಣ ಉಳಿದಿರಬೇಕು. ಅರ್ಜಿ, ಪ್ರಮಾಣಪತ್ರ, ಮೇಲಧಿಕಾರಿಯ ಒಪ್ಪಿಗೆಗಳಿಗಾಗಿ ತಿಂಗಳುಗಟ್ಟಲೆ ಅಲೆಯಬೇಕಾದರೆ ಅದೇ ಮತ್ತೊಂದು ಕಾಯಿಲೆಯಾಗುತ್ತದೆ. ಸಾರ್ವಜನಿಕರ ಸೇವೆಯೂ ಕೆಡದೆ ದುಡಿಯುವವರ ದೇಹವೂ ಸೊರಗದೆ ಇರಬೇಕಾದರೆ ಕೆಲಸದ ಸ್ವರೂಪವನ್ನೂ ದುಡಿಯುವವರ ಸ್ಥಿತಿಯನ್ನೂ ಒಟ್ಟಿಗೆ ನೋಡಬೇಕು. ಕಾಯಕ ಎಂಬ ಪದದಲ್ಲಿಯೇ ಕಾಯವಿದೆ ಎಂಬುದನ್ನು ಮರೆಯಬಾರದು.

ಪಾಲಿಸಬೇಕಾದ ನಿಯಮಗಳು

ಆಡಳಿತಗಾರರ ತೀರ್ಮಾನ ಏನೇ ಇರಲಿ, ಕುಳಿತು ದುಡಿಯುವವರೆಲ್ಲರೂ ತಮ್ಮ ಕೈಲಿರುವ ಕೆಲವು ನಿಯಮಗಳನ್ನು ಪಾಲಿಸಬಹುದು.

ಮನೆಯಿಂದ ದುಡಿಯುವವರು ಹಾಸಿಗೆ ಅಥವಾ ಸೋಫಾದ ಮೇಲೆ ಕುಳಿತು ಕೆಲಸ ಮಾಡಬಾರದು. ಬೆನ್ನಿಗೆ ಆಸರೆಯಿರುವ ಕುರ್ಚಿ ಬೇಕು; ಪಾದಗಳು ನೆಲಕ್ಕೆ ತಾಗಿರಬೇಕು; ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ, ಒಂದು ತೋಳಿನ ದೂರದಲ್ಲಿರಬೇಕು. 20 ನಿಮಿಷಗಳಿಗೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದರಿಂದ ಕಣ್ಣಿಗೆ ವಿಶ್ರಾಂತಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಕೆಲಸ ಮುಗಿಸುವ ವೇಳೆಯನ್ನು ನಿಗದಿಪಡಿಸಿಕೊಂಡು, ಆ ಬಳಿಕ ಕಂಪ್ಯೂಟರನ್ನು ಮುಚ್ಚಿಡಬೇಕು. ದಿನಕ್ಕೊಮ್ಮೆಯಾದರೂ ಹೊರಗೆ ಹೋಗಿ ಮನುಷ್ಯರೊಡನೆ ಮುಖಾಮುಖಿ ಮಾತನಾಡಬೇಕು.

ಕಚೇರಿಗೆ ಮರಳುವವರು ಮನೆಯ ಬುತ್ತಿಯನ್ನೇ ಒಯ್ಯುವುದು ಮೇಲು. ರೊಟ್ಟಿ, ಕಾಳುಪಲ್ಯ, ಮಜ್ಜಿಗೆಯ ಊಟ ಕ್ಯಾಂಟೀನಿನ ಕರಿದ ತಿಂಡಿಗಿಂತ ಹಿತಕರ. ಸಾಧ್ಯವಾದರೆ ಒಂದು ನಿಲ್ದಾಣ ಮೊದಲೇ ಇಳಿದು ನಡೆಯಬಹುದು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ 30 ನಿಮಿಷದಂತೆ ಐದು ದಿನ ಬಿರುಸಾಗಿ ನಡೆದರೆ ಅದು ಪೂರೈಸುತ್ತದೆ. ಎದೆನೋವು, ಕೈಕಾಲುಗಳ ಜೋಮು, ವಾರಗಟ್ಟಲೆ ನಿದ್ರೆ ಬಾರದಿರುವುದು ಮುಂತಾದ ಲಕ್ಷಣಗಳಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಮನೆಯ ಹಿರಿಯರಿಗೂ ಒಂದು ಕರ್ತವ್ಯವುಂಟು. ಮನೆಯಲ್ಲಿರುವ ಸೊಸೆ ಕಂಪ್ಯೂಟರಿನ ಮುಂದೆ ಕುಳಿತಿದ್ದಾಗ ಆಕೆ ಕಚೇರಿಯಲ್ಲಿಯೇ ಇದ್ದಾಳೆಂದು ತಿಳಿಯಬೇಕು. ಅಡುಗೆಯೂ ಅತಿಥಿಸತ್ಕಾರವೂ ಆ ವೇಳೆಯಲ್ಲಿಯೇ ಅವಳ ಪಾಲಿಗೆ ಬಂದರೆ ಎರಡು ದುಡಿಮೆಗಳ ಭಾರ ಒಂದೇ ದೇಹದ ಮೇಲೆ ಬೀಳುತ್ತದೆ. ಆ ಹೊತ್ತಿನ ಮನೆಗೆಲಸವನ್ನು ಉಳಿದವರು ಹಂಚಿಕೊಳ್ಳುವುದೇ ಆಕೆಯ ಆರೋಗ್ಯಕ್ಕೆ ಮನೆಯವರು ನೀಡಬಹುದಾದ ದೊಡ್ಡ ನೆರವು.