ನೆರಳು ಕಾಲಡಿಗೆ ಬರುವ ಹೊತ್ತು

ಏಪ್ರಿಲ್ 25ರ ಆಸುಪಾಸು, ಮಧ್ಯಾಹ್ನ 12 ಗಂಟೆ 25 ನಿಮಿಷದ ಹೊತ್ತು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಅಂಗಳದಲ್ಲಿ ನೆಟ್ಟಗೆ ನಿಂತವರ ನೆರಳು ಅವರ ಪಾದದಡಿಯಲ್ಲೇ ಅಡಗಿರುತ್ತದೆ. 13 ಡಿಗ್ರಿ ಉತ್ತರ ಅಕ್ಷಾಂಶವನ್ನು ದಾಟಿ ಕೊಂಚ ಮೇಲಿರುವ ಬೇಲೂರು, ಹಳೇಬೀಡು, ಅರಸೀಕೆರೆಗಳ ನೆತ್ತಿಗೆ ಸೂರ್ಯ ನೇರ ಬರುವುದು ವರ್ಷಕ್ಕೆ ಎರಡು ಸಲ. ಇನ್ನೊಂದು ಸಲ ಆಗಸ್ಟ್ 18ರ ಸುಮಾರಿಗೆ, ಮೋಡದ ಮರೆಯಲ್ಲಿ ಬಂದು ಹೋಗುತ್ತಾನೆ. ಏಪ್ರಿಲ್‌ನದು ಮಾತ್ರ ಕಾಲಿಗೇ ಗೊತ್ತಾಗುತ್ತದೆ. ಚಪ್ಪಲಿ ಬಿಟ್ಟು ಜಗತಿ ಹತ್ತಿದ ಪ್ರವಾಸಿಗಳು ಕಾದ ಕಲ್ಲಿನ ಮೇಲೆ ಒಂದು ಕಾಲೆತ್ತಿ ಒಂದು ಕಾಲಿಡುತ್ತ ಸಿಕ್ಕಷ್ಟು ನೆರಳಿಗೆ ಓಡುತ್ತಾರೆ. ಕಾಲು ಸುಡುತ್ತದೆ ಎನ್ನುವವರು ಎಲ್ಲರೂ. ಕತ್ತಿನ ಹಿಂಭಾಗ, ಕಿವಿಯ ತುದಿ, ಕೆಳದುಟಿಯ ಬಗ್ಗೆ ದೂರುವವರು ಯಾರೂ ಇಲ್ಲ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಚರ್ಮ ಕೆಡಿಸುವ ನೇರಳಾತೀತ ಕಿರಣ ಕಣ್ಣಿಗೆ ಕಾಣುವುದಿಲ್ಲ, ಬಿಸಿಯಾಗಿಯೂ ತಟ್ಟುವುದಿಲ್ಲ. ನಮಗೆ ತಟ್ಟುವ ಶಾಖ ಬೇರೆ ಕಿರಣಗಳದ್ದು.

ಹಾಸನ ಜಿಲ್ಲೆಯ ಈ ಮೂರು ಊರುಗಳನ್ನು ಒಟ್ಟಿಗೆ ಹೆಸರಿಸುವುದಕ್ಕೆ ಕಾರಣ, ತಟ್ಟುವ ಶಾಖವೇ ಬೇರೆ, ಕೆಡಿಸುವ ಕಿರಣವೇ ಬೇರೆ ಎಂಬುದು. ಅರಸೀಕೆರೆ ಬಯಲುಸೀಮೆ, ತೆಂಗು-ರಾಗಿಯ ನಾಡು. ಅಲ್ಲಿನ ಬಿಸಿಲಿಗೆ ಎಲ್ಲರೂ ಹೆದರುತ್ತಾರೆ. ಬೇಲೂರಿಗೆ ಬಂದರೆ ಮಲೆನಾಡಿನ ಸೆರಗು. ಪಶ್ಚಿಮದ ಗಾಳಿ ಬೀಸುತ್ತಿದ್ದರೆ ಬಿಸಿಲು ಹಿತವೆನಿಸುತ್ತದೆ. ಚರ್ಮದ ಲೆಕ್ಕದಲ್ಲಿ ಎರಡೂ ಒಂದೇ. ನೇರಳಾತೀತದ ತೀವ್ರತೆಗೆ ಸೂರ್ಯ ಎಷ್ಟು ಮೇಲಿದ್ದಾನೆ, ಊರು ಎಷ್ಟು ಎತ್ತರದಲ್ಲಿದೆ ಎಂಬುದು ಮುಖ್ಯ, ಥರ್ಮಾಮೀಟರಿನ ಅಂಕಿ ಅಲ್ಲ. ಈ ಮೂರೂ ಊರುಗಳು ಸಮುದ್ರಮಟ್ಟದಿಂದ 800ರಿಂದ 1000 ಮೀಟರ್ ಎತ್ತರದಲ್ಲಿವೆ. ಪ್ರತಿ 1000 ಮೀಟರಿಗೆ ಈ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಅಂದರೆ ಬೆವರು ಹರಿಯುವ ಮಂಗಳೂರಿಗಿಂತ ತಣ್ಣನೆಯ ಬೇಲೂರಿನ ಆಕಾಶ ಚರ್ಮಕ್ಕೆ ಹೆಚ್ಚು ಕಟು. ವಿಶ್ವ ಆರೋಗ್ಯ ಸಂಸ್ಥೆಯ ಯುವಿ ಸೂಚ್ಯಂಕದಲ್ಲಿ 11 ಮುಟ್ಟಿದರೆ ಅತಿ ತೀವ್ರ. ದಕ್ಷಿಣ ಭಾರತದಲ್ಲಿ ಮಾರ್ಚ್‌ನಿಂದ ಮೇವರೆಗೆ ಮೋಡವಿಲ್ಲದ ಮಧ್ಯಾಹ್ನಗಳಲ್ಲಿ ಅದು ದಿನನಿತ್ಯದ ಮಾತು. ಬೇಲೂರು ಚೆನ್ನಕೇಶವನ ತೇರು ಎಳೆಯುವುದೂ ಚೈತ್ರದ ಅದೇ ಬಿಸಿಲಿನಲ್ಲಿ. ತೆಳು ಮೋಡ ಬಂದರೂ ಶೇ 80ರವರೆಗೆ ಕಿರಣ ಕೆಳಗಿಳಿಯಬಹುದು. ಆಗಸ್ಟ್ 15ರಂದು ಶಾಲೆಯ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದ ಮಕ್ಕಳಿಗೆ ಉದ್ದುದ್ದ ಭಾಷಣ ಮಾಡುವವರು ಇದನ್ನು ನೆನಪಿಡಬೇಕು.

1992ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬಿಸಿಲನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಖಚಿತ ಕಾರಣಗಳ ಪಟ್ಟಿಗೆ ಸೇರಿಸಿತು. ಕಿರಣ ಚರ್ಮದ ಜೀವಕೋಶದೊಳಗಿನ ಡಿಎನ್‌ಎಯನ್ನು ಕೆಡಿಸುತ್ತದೆ. ಜೀವಕೋಶ ಅದನ್ನು ರಿಪೇರಿ ಮಾಡಿಕೊಳ್ಳುತ್ತದೆ, ಮಾಡಿಕೊಳ್ಳಲಾಗದ್ದು ವರ್ಷಗಟ್ಟಲೆ ಕೂಡುತ್ತಾ ಹೋಗುತ್ತದೆ. ಇದಕ್ಕೆ ನಮ್ಮ ಮೈಯ ಸ್ವಂತ ರಕ್ಷಣೆ ಮೆಲನಿನ್ ಎಂಬ ಕಪ್ಪು ಬಣ್ಣ. ಜೀವಕೋಶದ ಕೇಂದ್ರದ ಮೇಲೆ, ಅದೂ ಬಿಸಿಲು ಬರುವ ಮಗ್ಗುಲಿಗೆ ಸರಿಯಾಗಿ, ಅದು ಕೊಡೆ ಹಿಡಿದಂತೆ ಕೂತಿರುತ್ತದೆ. 1979ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಬಿಳಿಯರ ಮೇಲ್ತೊಗಲು ಹಾನಿಕರ ಕಿರಣದ ಸುಮಾರು ಶೇ 24ನ್ನು ಒಳಕ್ಕೆ ಬಿಟ್ಟರೆ ಕರಿಯರದ್ದು ಬಿಟ್ಟದ್ದು ಶೇ 7ರಷ್ಟು. ನಾವು ಇವೆರಡರ ನಡುವೆ ಎಲ್ಲೋ ಇದ್ದೇವೆ.

ಇದನ್ನು ನಂಬಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ, ಅರಸೀಕೆರೆ ಕಡೆಯ ಕೊಟ್ಟಿಗೆ ಸಾಕು. ಹಳ್ಳಿಕಾರ್, ಅಮೃತಮಹಲ್ ದನಗಳ ಕೂದಲು ಬೂದುಬಿಳಿ. ಕೂದಲು ಸರಿಸಿ ನೋಡಿದರೆ ಕೆಳಗಿನ ತೊಗಲು ಕಪ್ಪು. ಡೇರಿಗೆ ಹಾಲು ಹಾಕುವ ಸೀಮೆಹಸುವಿನ ಮೈಮೇಲೆ ಕಪ್ಪು-ಬಿಳಿ ಪಟ್ಟೆ. ಬಿಳಿ ಪಟ್ಟೆಯ ಕೆಳಗಿನ ತೊಗಲು ಗುಲಾಬಿ. ಮೇವಿಲ್ಲದ ಬೇಸಿಗೆಯಲ್ಲಿ ಈ ಹಸು ಬೇಲಿಯ ಲಂಟಾನ ತಿಂದು ಪಿತ್ತಕೋಶ-ಯಕೃತ್ತು ಕೆಡಿಸಿಕೊಂಡಿತೆನ್ನಿ. ಹಸಿರುಮೇವಿನಿಂದ ಹುಟ್ಟುವ ಒಂದು ಪದಾರ್ಥ ಪಿತ್ತದ ಜೊತೆ ಹೊರಹೋಗದೆ ರಕ್ತದಲ್ಲಿ ಉಳಿಯುತ್ತದೆ, ಬಿಸಿಲು ಬಿದ್ದಾಗ ಚರ್ಮವನ್ನು ಒಳಗಿಂದ ಸುಡುತ್ತದೆ. ನಾಲ್ಕಾರು ದಿನದಲ್ಲಿ ಬೆನ್ನಿನ ಬಿಳಿ ತೊಗಲು ಗಟ್ಟಿಯಾಗಿ, ಬಿರಿದು, ಹಲಗೆಯಂತೆ ಎದ್ದು ಬರುತ್ತದೆ. ಕಪ್ಪು ಪಟ್ಟೆ ಶುರುವಾಗುವ ಗೆರೆಗೆ ಸರಿಯಾಗಿ ಗಾಯ ನಿಂತುಬಿಡುತ್ತದೆ. ಒಂದೇ ಹಸು, ಒಂದೇ ಬಿಸಿಲು, ಪಕ್ಕಪಕ್ಕದ ಎರಡು ಬಣ್ಣ. ಪಶುವೈದ್ಯರು ಮೊದಲು ಹೇಳುವ ಮಾತು, ಹಸುವನ್ನು ನೆರಳಿಗೆ ಕಟ್ಟಿ.

ಹಾಗಾದರೆ ಕಪ್ಪು ತೊಗಲಿನ ನಮಗೆ ಭಯವಿಲ್ಲವೇ? ಆಸ್ಟ್ರೇಲಿಯದಷ್ಟು ಇಲ್ಲ. ಅಲ್ಲಿ ಎಪ್ಪತ್ತು ವಯಸ್ಸಿನೊಳಗೆ ಮೂವರಲ್ಲಿ ಇಬ್ಬರಿಗೆ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆಂಬ ಲೆಕ್ಕವಿದೆ. 1981ರಿಂದ ಆ ದೇಶ ಅಂಗಿ, ಟೋಪಿ, ಮುಲಾಮಿನ ಪ್ರಚಾರವನ್ನು ಬಿಡದೆ ಮಾಡುತ್ತಾ ಬಂದಿದೆ. ಮೆಲ್ಬರ್ನ್‌ನಲ್ಲಿ ಓದುವ ಕನ್ನಡದ ಮಕ್ಕಳೂ ಟೋಪಿ ಮರೆತ ದಿನ ಆಟಕ್ಕೆ ಇಳಿಯುವಂತಿಲ್ಲ. ಭಾರತದಲ್ಲಿ ಒಟ್ಟು ಕ್ಯಾನ್ಸರ್‌ಗಳಲ್ಲಿ ಚರ್ಮದ ಕ್ಯಾನ್ಸರಿನ ಪಾಲು ಶೇ 1–2ರಷ್ಟು ಮಾತ್ರ. ಆದ್ದರಿಂದ ಅಲ್ಲಿನ ಪಾಠವನ್ನು ಇಲ್ಲಿಗೆ ಇದ್ದ ಹಾಗೆಯೇ ತಂದು ಹಾಕುವುದರಲ್ಲಿ ಅರ್ಥವಿಲ್ಲ. ಟಿ.ವಿ. ಜಾಹೀರಾತುಗಳು ಮಾಡುತ್ತಿರುವುದು ಅದನ್ನೇ. ಕಪ್ಪಾಗುವುದೇ ಕಾಯಿಲೆ ಎಂಬಂತೆ ಸನ್‌ಸ್ಕ್ರೀನ್ ಮಾರುತ್ತವೆ. ಬಿಸಿಲಿಗೆ ಕಪ್ಪಾಗುವುದು ಮೈ ತನ್ನ ಕೆಲಸ ಮಾಡುತ್ತಿರುವ ಲಕ್ಷಣ, ಅವಮಾನವಲ್ಲ.

ಈ ಬಿಳುಪಿನ ಹುಚ್ಚು ಮಾಡಿದ ನಿಜವಾದ ಅನಾಹುತ ಔಷಧದ ಅಂಗಡಿಯ ಟ್ಯೂಬಿನಲ್ಲಿದೆ. ಕೆನ್ನೆಗೆ ಬಂಗು ಬಂತು, ಮದುವೆ ಹತ್ತಿರ ಬಂತು, ಅಂಗಡಿಯವರು ಒಂದು ಕ್ರೀಮು ಕೊಟ್ಟರು, ಹದಿನೈದು ದಿನದಲ್ಲಿ ಮುಖ ಬೆಳ್ಳಗಾಯಿತು. ಅದರಲ್ಲಿದ್ದದ್ದು ಸ್ಟೆರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳಗಳು ಕೆಂಪಗೆ ಕಂಡು, ಮುಖದಲ್ಲಿ ಕೂದಲೆದ್ದು, ಬೆಳಗಿನ ಎಳೆಬಿಸಿಲಿಗೂ ಉರಿಯತೊಡಗುತ್ತದೆ. ನಿಲ್ಲಿಸಿದರೆ ಮೊದಲಿಗಿಂತ ಹೆಚ್ಚು ಕಪ್ಪು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕಟ್ಟುಮಾಡಿತು. ಆದರೂ ಹೆಸರು ಹೇಳಿ ಕೇಳಿದರೆ ಎಷ್ಟು ಕೌಂಟರುಗಳಲ್ಲಿ ಈಗಲೂ ಕೈಗೆ ಸಿಗುತ್ತದೆ ಎಂಬುದು ಓದುಗರಿಗೆ ಗೊತ್ತು.

ಹೊಲದಲ್ಲಿ ದುಡಿಯುವವರ ಮುಖ ಕಪ್ಪಗೆ ದಪ್ಪಗೆ ಆಗಿ ತುರಿಸುತ್ತಿದ್ದರೆ ಅದಕ್ಕೂ ಬಿಸಿಲನ್ನೇ ಬೈಯುತ್ತೇವೆ. ಅನೇಕ ಸಲ ಅಪರಾಧಿ ಬದುವಿನಲ್ಲಿ ಬೆಳೆದ ಕಾಂಗ್ರೆಸ್ ಗಿಡ. ಚರ್ಮವೈದ್ಯರು ಅದನ್ನು ಪತ್ತೆಮಾಡುವ ಬಗೆ ಸೊಗಸಾಗಿದೆ. ಬರೀ ಬಿಸಿಲಿನ ಕಾಟವಾದರೆ ಮೇಲಿನ ರೆಪ್ಪೆ, ಗದ್ದದ ಕೆಳಭಾಗದಂಥ ನೆರಳಿನ ಜಾಗಗಳು ಉಳಿದುಕೊಳ್ಳುತ್ತವೆ. ಗಾಳಿಯಲ್ಲಿ ಹಾರಿಬರುವ ಗಿಡದ ಧೂಳಿಗೆ ನೆರಳು-ಬಿಸಿಲಿನ ಭೇದವಿಲ್ಲ, ರೆಪ್ಪೆಯೂ ಊದಿರುತ್ತದೆ. ಬಿಸಿಲಿನದೇ ಗುರುತು, ಅದೂ ಗಾಜನ್ನು ದಾಟಿ ಬರುವ ಕಿರಣದ್ದು, ಬೇಕೆಂದರೆ ಅರಸೀಕೆರೆ–ಬೇಲೂರು ಮಾರ್ಗದ ಹಿರಿಯ ಬಸ್ ಚಾಲಕರ ತೋಳು ನೋಡಿ. ಕಿಟಕಿಯ ಕಡೆಯ ಬಲಗೈ ಎಡಗೈಗಿಂತ ಒಂದು ಬಣ್ಣ ಕಪ್ಪಾಗಿ, ಹೆಚ್ಚು ಸುಕ್ಕಾಗಿರುತ್ತದೆ.

ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಂದಾಗ ಅದು ಎಷ್ಟೋ ಸಲ ಜನ ನೋಡದ ಕಡೆ ಬರುತ್ತದೆ. ಇದನ್ನೇ ನಾನು ಒತ್ತಿ ಹೇಳಬೇಕಾದದ್ದು. ಬಿಸಿಲಿಗೆ ಬಿದ್ದ ಮುಖ, ತುಟಿ, ಕಿವಿಯಲ್ಲಿ ಬರುವುದಿಲ್ಲವೆಂದಲ್ಲ. ಜೊತೆಗೆ ಹಳೆಯ ಸುಟ್ಟಗಾಯದ ಕಲೆ ಇದೆ. ಚಿಕ್ಕಂದಿನಲ್ಲಿ ಒಲೆಗೆ ಬಿದ್ದು, ಬಿಸಿನೀರು ಚೆಲ್ಲಿ ಆದ ಗಾಯ, ಇಪ್ಪತ್ತು ಮೂವತ್ತು ವರ್ಷದ ಮೇಲೆ ಮತ್ತೆ ಬಿರಿದು ಹುಣ್ಣಾಗಿ ಮಾಯದೇ ಉಳಿಯಬಹುದು. ಅದು ಕ್ಯಾನ್ಸರಾದರೆ ವೈದ್ಯಕೀಯದಲ್ಲಿ ಮಾರ್ಜೋಲಿನ್ ಹುಣ್ಣು ಎನ್ನುತ್ತಾರೆ. ಸೊಂಟಕ್ಕೆ ಬಿಗಿದ ಬಟ್ಟೆ ಮೂಡಿಸುವ ಪಟ್ಟಿಯದೂ ಇದೇ ಕತೆ. 1945ರಷ್ಟು ಹಿಂದೆಯೇ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವಿ.ಆರ್. ಖಾನೋಲ್ಕರ್ ಬಿಗಿ ಧೋತಿಯ ಗುರುತಿನಲ್ಲಿ ಹುಟ್ಟುವ ಕ್ಯಾನ್ಸರಿನ ಬಗ್ಗೆ ಬರೆದಿದ್ದರು. 2024ರಲ್ಲಿ ವಾರ್ಧಾ ಮತ್ತು ಮಧುಬನಿಯ ವೈದ್ಯರು ಇಬ್ಬರು ವಯಸ್ಸಾದ ಮಹಿಳೆಯರ ಸೊಂಟದಲ್ಲಿ ಸೀರೆಯ ಬಿಗಿತದಿಂದಾದ ಇಂಥದೇ ಹುಣ್ಣನ್ನು ದಾಖಲಿಸಿದರು. ಲಂಗದ ಲಾಡಿಯನ್ನು ನಲವತ್ತು ವರ್ಷ ಒಂದೇ ಜಾಗದಲ್ಲಿ ಬಿಗಿದು ಕಳೆ ಕೀಳುವ ನಮ್ಮ ಹೆಂಗಸರಲ್ಲಿ ಆ ಕಪ್ಪು ಪಟ್ಟಿ ಯಾರಿಗಿಲ್ಲ? ಎಲ್ಲವೂ ಕ್ಯಾನ್ಸರ್ ಆಗುವುದಿಲ್ಲ, ತೀರಾ ಅಪರೂಪ. ಆದರೆ ಲಾಡಿಯ ಬದಲು ಅಗಲ ಪಟ್ಟಿ ಹೊಲಿಸಿಕೊಳ್ಳಲು, ಗಂಟಿನ ಜಾಗ ಆಗಾಗ ಬದಲಿಸಲು ಖರ್ಚೇನೂ ಇಲ್ಲ.

ಅಂಗಾಲು ಇನ್ನೊಂದು. ಮೆಲನೋಮ ಎಂಬ ಕಡುಕೆಟ್ಟ ಬಗೆ ಕಪ್ಪು ಮೈಯವರಲ್ಲಿ ಬಂದರೆ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವುದೇ ಹೆಚ್ಚು. ಅದಕ್ಕೆ ಬಿಸಿಲು ಕಾರಣವೂ ಅಲ್ಲ. ಹಾಡುಗಾರ ಬಾಬ್ ಮಾರ್ಲೆಯ ಕಾಲ್ಬೆರಳಿನಲ್ಲಿ 1977ರಲ್ಲಿ ಕಂಡದ್ದು ಇದೇ, 1981ರಲ್ಲಿ ಅವರು ತೀರಿಕೊಂಡಾಗ ವಯಸ್ಸು 36. ಉಗುರಿನಲ್ಲಿ ತೆಳ್ಳನೆ ಕಪ್ಪುಗೆರೆಗಳು ನಮ್ಮವರಲ್ಲಿ ಸಹಜ. ಒಂದೇ ಬೆರಳಿನಲ್ಲಿ ಹೊಸದಾಗಿ ಬಂದು, ಅಗಲವಾಗುತ್ತ, ಉಗುರಿನ ಬುಡದ ಚರ್ಮಕ್ಕೂ ಬಣ್ಣ ಹರಡಿದರೆ ಅದು ಸಹಜವಲ್ಲ. ಬರಿಗಾಲಲ್ಲಿ ಕೆಸರು ತುಳಿಯುವವರು ಅಂಗಾಲಿನ ಕರಿಚುಕ್ಕೆಯನ್ನು ಮುಳ್ಳು ಮುರಿದದ್ದೆಂದು ವರ್ಷಗಟ್ಟಲೆ ಬಿಟ್ಟುಬಿಡುತ್ತಾರೆ.

ಸನ್‌ಸ್ಕ್ರೀನ್ ಔಷಧಿಯಷ್ಟೇ ಅಗತ್ಯವಾದ ಒಂದು ಗುಂಪು ನಮ್ಮ ಊರುಗಳಲ್ಲೂ ಇದೆ. ಹುಟ್ಟಿನಿಂದಲೇ ಮೆಲನಿನ್ ಇಲ್ಲದ, ಕೂದಲು-ಹುಬ್ಬುಗಳೂ ಬೆಳ್ಳಗಿರುವ ಆಲ್ಬಿನಿಸಂನ ಮಕ್ಕಳು. ಆಫ್ರಿಕದ ಬಿಸಿಲುನಾಡುಗಳಲ್ಲಿ ಇಂಥವರಿಗೆ ಎಳೆಯ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಬರುತ್ತದೆ. ತಾಂಜಾನಿಯದ ಮೋಶಿ ಊರಿನ ಚರ್ಮರೋಗ ಕೇಂದ್ರ ಅವರಿಗೆಂದೇ ಕಿಲಿಸನ್ ಎಂಬ ಮುಲಾಮನ್ನು ತಾನೇ ತಯಾರಿಸಿ ಹಂಚುತ್ತದೆ. ನಮ್ಮಲ್ಲಿ ಅಂಥ ಮಗುವಿಗೆ ಸಿಗುವುದು ಅಡ್ಡಹೆಸರು. ಕಣ್ಣೂ ಮಂದವಿರುವ ಆ ಮಗುವಿಗೆ ಶಾಲೆಯಲ್ಲಿ ಮುಂದಿನ ಬೆಂಚು, ಅಗಲ ಅಂಚಿನ ಟೋಪಿ, ತುಂಬುತೋಳು, ಡ್ರಿಲ್ ಪಿರಿಯಡ್ಡಿಗೆ ಮರದ ನೆರಳು ಕೊಡಲು ಯಾವ ಯೋಜನೆಯ ಮಂಜೂರಾತಿಯೂ ಬೇಕಿಲ್ಲ. ಮುಲಾಮನ್ನು ಮಾತ್ರ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ಕೊಡಲೇಬೇಕು. ಇದು ಸೌಂದರ್ಯವರ್ಧಕವೆಂದು ತಳ್ಳಿಹಾಕುವ ವಿಷಯ ಅಲ್ಲ.

ಉಳಿದವರಿಗೆ ಹಳೆಯ ಉಪಾಯಗಳೇ ಸಾಲುತ್ತವೆ. ನೆರಳು ನಿಮಗಿಂತ ಗಿಡ್ಡವಾದ ಹೊತ್ತಿನಲ್ಲಿ ಬಿಸಿಲು ಕಟು. ಆಲೂಗಡ್ಡೆ ಅಗೆತ, ಕೂಲಿ ಕೆಲಸದ ದೊಡ್ಡ ಪಾಲನ್ನು ಹತ್ತು ಗಂಟೆಯೊಳಗೆ ಮುಗಿಸುವ ರೂಢಿ ಅದಕ್ಕೇ ಬಂದದ್ದು. ಕಾಫಿ ಕೊಯ್ಯುವಾಗ ಮರದ ನೆರಳಿರುತ್ತದೆ, ಕಣದಲ್ಲಿ ಹರವುವಾಗ ಇರುವುದಿಲ್ಲ, ಸಿಮೆಂಟು ಕಣ ಕೆಳಗಿನಿಂದಲೂ ಒಂದಷ್ಟು ಕಿರಣ ಎರಚುತ್ತದೆ. ಕಂಬಳಿ ಕೊಪ್ಪೆ, ರುಮಾಲು, ಗಂಡನ ಹಳೆಯ ತುಂಬುತೋಳಿನ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಹೊಲಕ್ಕಿಳಿಯುವ ಹೆಂಗಸರ ಉಡುಪು, ಇವು ಯಾವ ಮುಲಾಮಿಗೂ ಕಡಿಮೆಯಲ್ಲ. ದಟ್ಟ ನೇಯ್ಗೆ, ಗಾಢ ಬಣ್ಣ ಹೆಚ್ಚು ತಡೆಯುತ್ತದೆ. ತೆಳು ಬಿಳಿ ಬನಿಯನ್ ಬೆವರಿಗೆ ಒದ್ದೆಯಾದರೆ ತಡೆಯುವುದು ಇನ್ನೂ ಕಡಿಮೆ. ಕ್ರಿಕೆಟ್ ಟೋಪಿ ಕಿವಿ-ಕತ್ತನ್ನು ಬಿಟ್ಟುಬಿಡುತ್ತದೆ, ಟವೆಲ್ ಬಿಡುವುದಿಲ್ಲ. ತೆಂಗಿನ ನಾಡಿನಲ್ಲಿ ಕೊಬ್ಬರಿ ಎಣ್ಣೆಯೇ ಸನ್‌ಸ್ಕ್ರೀನ್ ಎಂಬ ವಾಟ್ಸ್ಆ್ಯಪ್ ಮಾತು ಚೆನ್ನಾಗಿ ಓಡುತ್ತದೆ. ಒಣಚರ್ಮಕ್ಕೆ ಒಳ್ಳೆಯದು ಸರಿ, ಬಿಸಿಲು ತಡೆಯಲು ಅದರ ಕೈಲಾಗುವುದಿಲ್ಲ. ಇಡೀ ದಿನ ಬಯಲಲ್ಲಿ ನಿಲ್ಲುವ ಬೇಲೂರಿನ ಗೈಡುಗಳಂಥವರು ಸನ್‌ಸ್ಕ್ರೀನ್ ಹಚ್ಚುವುದಾದರೆ ಎಸ್‌ಪಿಎಫ್ 30 ಸಾಕು, ಅದು ಶೇ 97ರಷ್ಟು ತಡೆಯುತ್ತದೆ. 50ಕ್ಕೆ ದುಪ್ಪಟ್ಟು ಕೊಟ್ಟರೆ ಸಿಗುವುದು ಇನ್ನೊಂದೇ ಪಾಲು. ಮುಖ-ಕತ್ತಿಗೆ ಎರಡು ಬೆರಳುದ್ದ ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಒಂದು ತಿಂಗಳಾದರೂ ಮಾಯದ ಹುಣ್ಣು, ಮುಟ್ಟಿದರೆ ರಕ್ತ ಬರುವ ಗಂಟು, ಬಣ್ಣ-ಅಂಚು ಬದಲಾಗುತ್ತಿರುವ ಮಚ್ಚೆ ಇದ್ದವರು ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಚರ್ಮವಿಭಾಗಕ್ಕೆ ಹೋಗಬೇಕು, ಅರಸೀಕೆರೆಯಿಂದ ಗಂಟೆಯೊಂದರ ದಾರಿ. ಅಲ್ಲಿ ಬಯಾಪ್ಸಿ ಅಂದ ತಕ್ಷಣ ಎಷ್ಟೋ ಜನ ಎದ್ದು ಬರುತ್ತಾರೆ. ಕತ್ತಿ ತಾಗಿಸಿದರೆ ಕಾಯಿಲೆ ಮೈಗೆಲ್ಲ ಹಬ್ಬುತ್ತದೆಂಬ ನಂಬಿಕೆ ಅಷ್ಟು ಬಲವಾಗಿದೆ. ಹಬ್ಬುವುದು ಎದ್ದು ಬಂದು ನಾಟಿ ಮದ್ದು ಕಟ್ಟಿಕೊಂಡು ಕಳೆದ ಆರೇಳು ತಿಂಗಳಲ್ಲಿ. ಬಯಾಪ್ಸಿಗೆ ಬೇಕಾದದ್ದು ಜಾಗ ಜೋಮು ಹಿಡಿಸುವ ಒಂದು ಚುಚ್ಚುಮದ್ದು, ಕಾಳಿನಷ್ಟು ಚರ್ಮ, ಒಂದೆರಡು ಹೊಲಿಗೆ. ಗಂಟು ಚಿಕ್ಕದಿದ್ದಾಗಲೇ ಬಂದರೆ ಬಹುಪಾಲು ಪ್ರಕರಣಗಳಲ್ಲಿ ಅದನ್ನು ಅಂಚು ಸಮೇತ ಕತ್ತರಿಸಿ ತೆಗೆದರೆ ಮುಗಿಯಿತು, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಮೆಟ್ಟಿಲು ಹತ್ತುವ ಪ್ರಮೇಯವೂ ಬರುವುದಿಲ್ಲ.