ನೀರು ಕೇಳದ, ಮೇಕೆ ಮೂಸದ ಕಣಗಿಲೆ

ಮಳೆ ನಂಬಿ ರಾಗಿ, ಅವರೆ, ಹುರುಳಿ ಬೆಳೆಯುವ ನಮ್ಮಂಥವರಿಗೆ ಹೂವಿನ ಗಿಡದ ಗೊಡವೆ ಯಾಕೆ ಅಂತ ಕೇಳುವವರಿದ್ದಾರೆ. ಗುಲಾಬಿಗೆ ನೀರು ಬೇಕು, ಸೇವಂತಿಗೆಗೆ ಔಷಧಿ ಬೇಕು, ಕನಕಾಂಬರಕ್ಕೆ ದಿನಾ ಕೂತು ಬಿಡಿಸುವ ಕೈ ಬೇಕು. ದಾಸವಾಳ ನೆಟ್ಟರೆ ಮೇಕೆ ಬಿಡೋದಿಲ್ಲ. ಬೋರ್‌ವೆಲ್ ಇಲ್ಲದ, ಬೇಲಿಯೂ ಇಲ್ಲದ ಹೊಲದ ಬದುವಿನ ಮೇಲೆ ನಿಂತು ಹೂ ಕೊಡುವ ಗಿಡ ಅಂದರೆ ನಾನು ಕಂಡಂತೆ ಕಣಗಿಲೆ. ನಮ್ಮ ಗುಬ್ಬಿ ಕಡೆ ಮಾತಿನಲ್ಲಿ ಗಣಗ್ಲೆ.

ನಮ್ಮ ಮೇಲ್ಬದುವಿನಲ್ಲಿ ಮತ್ತು ಮನೆ ಮುಂದೆ ಸೇರಿ ಅರವತ್ತು ಗಿಡ ಇವೆ. ಹದಿನೈದು ವರ್ಷದಿಂದ ನೋಡ್ತಾ ಇದ್ದೇನೆ. ನಡುವೆ ಮಳೆ ಕೈಕೊಟ್ಟು ರಾಗಿ ಒಣಗಿದ ವರ್ಷಗಳೂ ಬಂದವು, ಕಣಗಿಲೆ ಮಾತ್ರ ಹೂ ಬಿಡೋದು ನಿಲ್ಲಿಸಲಿಲ್ಲ. ಆದರೆ ಈ ಗಿಡ ದನಕರು ಇರುವ ಮನೆಗೆ ಬಂದರೆ ಜೊತೆಗೆ ಒಂದು ಅಪಾಯವೂ ಬರುತ್ತೆ. ಬೆಳೆಸುವ ಕ್ರಮ ಯಾರಾದರೂ ಹೇಳಿಯಾರು, ಆ ಅಪಾಯದ ಬಗ್ಗೆ ಹೇಳುವವರು ಕಡಿಮೆ. ಎರಡನ್ನೂ ಬರೆಯುತ್ತೇನೆ.

ಹೆಸರಿನ ಗೊಂದಲ

ನಮ್ಮಲ್ಲಿ ಕಣಗಿಲೆ ಅನ್ನೋ ಹೆಸರು ನಾಲ್ಕು ಗಿಡಕ್ಕಿದೆ. ದಪ್ಪ ಕೊಂಬೆಯ ಮರವಾಗಿ ಬೆಳೆದು ಬಿಳಿ ಹೂ ಉದುರಿಸುವುದು ದೇವಗಣಗಿಲೆ. ಮೊಳ ಎತ್ತರದ, ಎಲ್ಲಿ ಬೀಜ ಬಿದ್ದರೂ ಹುಟ್ಟುವ ನಿತ್ಯಪುಷ್ಪವೇ ಕಾಶಿ ಕಣಗಿಲೆ. ಗಂಟೆಯಂಥ ಹಳದಿ ಹೂ ಬಿಟ್ಟು ಮೂಲೆ ಮೂಲೆಯಾದ ಕಾಯಿ ಕಟ್ಟುವುದು ಕಾಡುಕಣಗಿಲೆ. ಅದರ ಬೀಜ ಕಡು ವಿಷ, ಮಕ್ಕಳಿರುವ ಮನೆ ಹತ್ತಿರ ಬೇಡವೇ ಬೇಡ. ನಾನು ಹೇಳುತ್ತಿರುವುದು ಉದ್ದನೆ ಸಪೂರ ಎಲೆಯ, ಕೆಂಪು, ಗುಲಾಬಿ ಅಥವಾ ಬಿಳಿ ಹೂವಿನ ಪೊದೆ ಕಣಗಿಲೆ. ನಾಲ್ಕೂ ಒಂದೇ ಸಸ್ಯ ಕುಟುಂಬದವು.

ಈ ಪೊದೆ ಕಣಗಿಲೆಯ ಹುಟ್ಟು ಜಾಗ ಹಳ್ಳದ ದಂಡೆ. ಮಳೆಗಾಲದಲ್ಲಿ ನೀರು ನುಗ್ಗುತ್ತೆ, ಬೇಸಿಗೆಯಲ್ಲಿ ಮರಳು ಕಾದು ಕೆಂಡ ಆಗುತ್ತೆ. ಎರಡನ್ನೂ ತಡೆದು ಬಂದ ಗಿಡವಾದ್ದರಿಂದ ಬೇರು ಆಳಕ್ಕೆ ಇಳಿಸುತ್ತೆ, ಎಲೆ ತೊಗಲಿನ ಹಾಗೆ ದಪ್ಪ. ಹೆದ್ದಾರಿಗಳ ನಡುವಿನ ಡಿವೈಡರಿನಲ್ಲಿ ಇದನ್ನೇ ಸಾಲು ಹಿಡಿದು ನೆಡುವುದು ಅದಕ್ಕೇ. ಹೊಗೆ, ಧೂಳು, ಡಾಂಬರಿನ ಕಾವು ಎಲ್ಲ ತಡೆಯುತ್ತೆ, ಎದುರು ಲಾರಿಯ ದೀಪ ಕಣ್ಣಿಗೆ ಹೊಡೆಯದಂತೆ ಮರೆಯೂ ಆಗುತ್ತೆ. 1945ರಲ್ಲಿ ಅಣುಬಾಂಬು ಬಿದ್ದ ಜಪಾನಿನ ಹಿರೋಶಿಮಾದಲ್ಲಿ ಮತ್ತೆ ಮೊದಲು ಹೂ ಬಿಟ್ಟ ಗಿಡ ಇದು ಅಂತ ಅಲ್ಲಿಯವರು ಹೇಳುತ್ತಾರೆ. ಈಗ ಅದು ಆ ನಗರದ ಹೂವು.

ಕಡ್ಡಿ ನೆಡುವುದು

ಬೀಜದ ತಂಟೆ ಬೇಡ. ಬೆರಳು ದಪ್ಪದ, ಬಲಿತ ಆದರೆ ತೀರ ಮುದಿಯಲ್ಲದ ಕಡ್ಡಿ ಆರಿಸಿ ಗೇಣುದ್ದಕ್ಕೆ ಕತ್ತರಿಸಿ. ತುದಿಯ ಎರಡು ಮೂರು ಎಲೆ ಬಿಟ್ಟು ಉಳಿದದ್ದು ತೆಗೆಯಿರಿ. ಎರಡು ಗಿಣ್ಣು ಮಣ್ಣಿನೊಳಗೆ ಹೋಗಬೇಕು. ಕೆಂಪು ಮಣ್ಣು, ಮರಳು, ಹಳೆ ಗೊಬ್ಬರ ಸೇರಿಸಿದ ಪ್ಯಾಕೆಟ್ಟಿನಲ್ಲಿ ನೆಟ್ಟು ಮರದ ನೆರಳಲ್ಲಿ ಇಟ್ಟರೆ ತಿಂಗಳೊಳಗೆ ಚಿಗುರು ಕಾಣುತ್ತೆ. ಕೆಲವರು ಬಾಟ್ಲಿ ನೀರಲ್ಲಿ ಕಡ್ಡಿ ನಿಲ್ಲಿಸಿ ಬೇರು ಬರಿಸುತ್ತಾರೆ. ಅದೂ ಆಗುತ್ತೆ, ಆದರೆ ಆ ನೀರಿಗೂ ವಿಷ ಇಳಿದಿರುತ್ತೆ. ಕೋಳಿ, ನಾಯಿ ಕುಡಿಯುವ ಕಡೆ ಚೆಲ್ಲಬಾರದು.

ನಾನು ಕಡ್ಡಿ ಕಟ್ಟುವುದು ರೋಹಿಣಿ ಮಳೆ ಹೊತ್ತಿಗೆ, ಗುಂಡಿಗೆ ಇಳಿಸುವುದು ಪುನರ್ವಸು, ಪುಷ್ಯದಲ್ಲಿ. ಗುಂಡಿ ಮೊಳ ಉದ್ದ, ಮೊಳ ಅಗಲ, ಮೊಳ ಆಳ ಇದ್ದರೆ ಸಾಕು. ಒಂದು ಮಂಕರಿ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಬದುವಿನ ಮೇಲೆ ಮರೆಗೆ ಬೇಕಾದರೆ ಗಿಡದಿಂದ ಗಿಡಕ್ಕೆ ಮೂರು ನಾಲ್ಕು ಅಡಿ. ಹೂವಿಗೇ ಅಂತ ಹಾಕುವುದಾದರೆ ಸಾಲಿಗೂ ಗಿಡಕ್ಕೂ ಒಂದೊಂದು ಮಾರು, ಅಂದರೆ ಆರಡಿ. ಆ ಲೆಕ್ಕದಲ್ಲಿ ಎಕರೆಗೆ ಸುಮಾರು 1,200 ಗಿಡ. ಎಕರೆಗಟ್ಟಲೆ ಹಾಕಿ ಅಂತ ನಾನು ಹೇಳೋದಿಲ್ಲ. ಮನೆಯವರೇ ಬಿಡಿಸಿ ಮುಗಿಸುವಷ್ಟು ಇದ್ದರೆ ಒಳ್ಳೆಯದು.

ಬಿಸಿಲು ಮುಖ್ಯ. ತೆಂಗಿನ ತೋಟದ ನೆರಳಲ್ಲಿ ನೆಟ್ಟರೆ ಗಿಡ ಮೇಲಕ್ಕೆ ಎಳೆದುಕೊಂಡು ಹೋಗುತ್ತೆ, ಹೂ ಬರೋದಿಲ್ಲ. ಕುಣಿಗಲ್ ಕಡೆ ಕೆರೆ ಹಿಂದಿನ ಜಮೀನಿನವರಿಗೂ ಒಂದು ಮಾತು. ಇದು ಹಳ್ಳದ ಗಿಡವಾದರೂ ತಿಂಗಳಾನುಗಟ್ಟಲೆ ನೀರು ನಿಂತು ಜೌಗಾಗುವ ಗದ್ದೆ ಇದಕ್ಕೆ ಆಗದು. ಏರಿ ಮಾಡಿ ನೆಡಿ.

ಮೊದಲ ಬೇಸಿಗೆ ಒಂದು ದಾಟಿಸಬೇಕು. ಹತ್ತು ದಿನಕ್ಕೊಮ್ಮೆ ಗಿಡಕ್ಕೆ ಒಂದು ಬಿಂದಿಗೆ ನೀರು. ಆಮೇಲೆ ಅದು ನಿಮ್ಮನ್ನು ಕೇಳೋದಿಲ್ಲ. ಆದರೂ ಬೇಸಿಗೆಯಲ್ಲಿ ಆಗೀಗ ನೀರು ಕೊಟ್ಟ ಗಿಡಕ್ಕೂ ಕೊಡದ ಗಿಡಕ್ಕೂ ಹೂವಿನಲ್ಲಿ ವ್ಯತ್ಯಾಸ ಕಾಣುತ್ತೆ. ಬಚ್ಚಲ ನೀರು ಸಾಕು.

ಸವರುವುದು

ಕಣಗಿಲೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಸವರದೆ ಬಿಟ್ಟರೆ ಗಿಡ ಎರಡಾಳು ಎತ್ತರ ಹೋಗಿ, ಹೂ ಆಕಾಶದಲ್ಲಿ, ಬುಡ ಬೋಳು. ಚಳಿಯಲ್ಲಿ ಹೂ ಇಳಿದ ಮೇಲೆ ವರ್ಷಕ್ಕೊಮ್ಮೆ ಸೊಂಟದೆತ್ತರಕ್ಕೆ ಕತ್ತರಿಸಬೇಕು. ಎಲೆಗಳನ್ನು ಗಮನಿಸಿ, ಒಂದೊಂದು ಗಿಣ್ಣಿಗೆ ಮೂರು ಮೂರು ಎಲೆ ಸುತ್ತಲೂ ಕೂತಿರುತ್ತೆ. ಆ ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿಸಿದರೆ ಎಲೆಗೊಂದರಂತೆ ಮೂರು ಕವಲು ಒಡೆಯುತ್ತೆ. ಒಂದು ತುದಿ ಇದ್ದಲ್ಲಿ ಮೂರು ತುದಿ, ಮೂರು ಗೊಂಚಲು. ಮಚ್ಚಿನಲ್ಲಿ ಎಲ್ಲೆಂದರಲ್ಲಿ ಕೊಚ್ಚಿದರೆ ಕಡ್ಡಿ ಸೀಳಿ ಒಣಗುತ್ತೆ. ಕತ್ತರಿ ಹಿಡಿಯಿರಿ. ಬುಡದಿಂದ ಬರುವ ಮರಿಗಳಲ್ಲಿ ಒಂದೆರಡು ಬಿಟ್ಟು ಉಳಿದದ್ದು ಕೀಳಿ.

ಕತ್ತರಿಸಿದಾಗ ಬರುವ ರಸ ಕೆಲವರ ಚರ್ಮಕ್ಕೆ ಉರಿ ಮಾಡುತ್ತೆ. ಕಣ್ಣು ಉಜ್ಜಬಾರದು. ಕೈ ತೊಳೆಯದೆ ಎಲೆ ಅಡಿಕೆ ಹಾಕಬಾರದು.

ಹುಳದ ಕಾಟ ಹೆಚ್ಚಿಲ್ಲ. ಎಳೆ ಚಿಗುರಿಗೆ ಅರಿಶಿನ ಬಣ್ಣದ ಹೇನು ಮುತ್ತುತ್ತೆ. ಜೋರಾಗಿ ನೀರು ಹೊಡೆದರೆ ಅರ್ಧ ಉದುರುತ್ತೆ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪು ಕದಡಿ ಹೊಡೆಯುತ್ತೇನೆ. ಇನ್ನೊಂದು, ಬೆರಳುದ್ದದ ಹಸಿರು ಹುಳ, ತಲೆ ಹತ್ತಿರ ಎರಡು ನೀಲಿ ಕಣ್ಣಿನಂಥ ಬೊಟ್ಟು, ಹಿಂದೆ ಒಂದು ಕೊಂಬು. ದನ ಸಾಯುವ ಎಲೆಯನ್ನು ಇದು ರಾತ್ರಿ ಬೆಳಗಾಗೋದರೊಳಗೆ ಬೋಳಿಸುತ್ತೆ, ಅದಕ್ಕೆ ಏನೂ ಆಗೋದಿಲ್ಲ! ಕೈಯಲ್ಲಿ ಆರಿಸಿದರೆ ಮುಗಿಯಿತು. ಎಲೆ ಅಡಿ ಬೆಳ್ಳಿ ಓಲೆ ಹಾಗೆ ಹೊಳೆಯುವ ಗೂಡು ತೂಗಾಡುತ್ತಿದ್ದರೆ ಬಿಟ್ಟುಬಿಡಿ, ಅದು ಒಂದು ಜಾತಿ ಕಂದು ಚಿಟ್ಟೆಯದು. ನಮ್ಮ ಮೊಮ್ಮಕ್ಕಳು ಅದನ್ನು ನೋಡಲಿಕ್ಕೇ ಬದುವಿಗೆ ಬರುತ್ತಾರೆ.

ಮೆದೆ ಹತ್ತಿರ ಬೇಡ

ಈಗ ಮುಖ್ಯ ವಿಷಯ. ಸಂಸ್ಕೃತದ ವೈದ್ಯ ಗ್ರಂಥಗಳಲ್ಲಿ ಕಣಗಿಲೆಗೆ ಕರವೀರ ಅಂತ ಒಂದು ಹೆಸರಾದರೆ, ಅಶ್ವಮಾರಕ ಅಂತ ಇನ್ನೊಂದು ಹೆಸರು. ಕುದುರೆ ಕೊಲ್ಲುವುದು ಅಂತ ಅರ್ಥ. ಹೈದರ್, ಟಿಪ್ಪು ಕಾಲದಿಂದ ಕುದುರೆ ಸಾಕಿದ ಕುಣಿಗಲ್ಲಿನ ನೆಲದಲ್ಲಿ ಈ ಹೆಸರು ನೆನಪಿಡುವಂಥದ್ದು. ಎಲೆ, ತೊಗಟೆ, ಬೇರು, ಹೂ, ಬೀಜ ಎಲ್ಲದರಲ್ಲೂ ಹೃದಯದ ಬಡಿತ ಕೆಡಿಸುವ ವಿಷ ಇದೆ. ದೊಡ್ಡ ಹಸುವಿಗೂ ಹತ್ತಿಪ್ಪತ್ತು ಎಲೆ ಸಾಕು.

ಹಾಗಾದರೆ ದನ ತಿಂದು ದಿನಾ ಸಾಯಬೇಕಿತ್ತಲ್ಲ ಅನ್ನಬಹುದು. ಹಸಿ ಎಲೆ ಕಹಿ. ಮೇಕೆ ಮೂಸಿ ಹಿಂದೆ ಸರಿಯುತ್ತೆ, ಬದುವಿನ ಗಿಡಕ್ಕೆ ಬೇಲಿ ಬೇಡದ್ದು ಅದಕ್ಕೇ. ಕೆಡುವುದು ಕತ್ತರಿಸಿದ ಮೇಲೆ. ಬಾಡಿದ, ಒಣಗಿದ ಎಲೆಯಲ್ಲಿ ಕಹಿ ಅಷ್ಟು ತಿಳಿಯೋದಿಲ್ಲ, ಆದರೆ ವಿಷ ಹಾಗೇ ಇರುತ್ತೆ. ನಮ್ಮಲ್ಲಿ ಕಣಗಿಲೆ ಸವರುವ ಕಾಲವೂ ರಾಗಿ ಕಣದ ಕಾಲವೂ ಒಂದೇ, ಸಂಕ್ರಾಂತಿ ಆಚೆ ಈಚೆ. ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮನೆ ಮುಂದಿನ ಗಿಡ ಸವರಿ ಸೊಪ್ಪನ್ನು ಕಣದ ಪಕ್ಕ ಎಸೆದಿದ್ದರು. ಗಾಳಿಗೆ ಒಣ ಎಲೆ ಹುಲ್ಲಿನ ಜೊತೆ ಸೇರಿ ಮೆದೆ ಒಳಗೆ ಹೋಯಿತು. ಎರಡು ತಿಂಗಳ ಮೇಲೆ ಕರೆಯುವ ಸೀಮೆ ಹಸು ಒಂದು ರಾತ್ರಿಯಲ್ಲಿ ಹೋಯಿತು. ಡೈರಿಗೆ ಹಾಲು ಹಾಕಿ ಸಂಸಾರ ನಡೆಸುತ್ತಿದ್ದ ಮನೆ ಅದು. ಒಣ ಎಲೆ ಸಿಕ್ಕಿದ್ದು ಗೊಂತಿನಲ್ಲಿ ಉಳಿದ ಹುಲ್ಲು ಕೆದಕಿದಾಗ.

ಆದ್ದರಿಂದ ನಮ್ಮ ಮನೆಯ ಕಟ್ಟಳೆ ಇದು. ಕಣ, ಮೆದೆ, ಕೊಟ್ಟಿಗೆ, ನೀರಿನ ತೊಟ್ಟಿ ಇರುವ ಕಡೆ ಕಣಗಿಲೆ ನೆಡೋದಿಲ್ಲ. ಮೆದೆ ಒಟ್ಟಿ ಹೊದಿಸಿ ಮುಗಿದ ಮೇಲೇ ಸವರುವುದು. ಸವರಿದ ಸೊಪ್ಪು ಅವತ್ತೇ ಗೋಣಿ ಮೇಲೆ ಕೂಡಿಸಿ, ಬೇರೆಯೇ ಗುಂಡಿಗೆ ಹಾಕಿ ಮೊಳ ಮಣ್ಣು ಮುಚ್ಚುತ್ತೇವೆ. ಒಂದು ಮಳೆಗಾಲ ಪೂರ್ತಿ ಕೊಳೆಯಲಿ, ಅಲ್ಲಿ ತನಕ ಕೆದಕುವುದಿಲ್ಲ. ತಿಪ್ಪೆಗೆ ಎಸೆದರೆ ದನ ಮೂತಿ ಹಾಕುತ್ತೆ. ಒಣ ಕಡ್ಡಿ ಹಂಡೆ ಒಲೆಗೂ ಬೇಡ, ಹೊಗೆಯೂ ಕೆಟ್ಟದ್ದು. ಕೂಲಿಗೆ ಬಂದವರಿಗೂ ಇದನ್ನು ಮೊದಲೇ ಹೇಳುತ್ತೇನೆ. ಗೊತ್ತಿಲ್ಲದವರು ಹಸಿರು ಕಂಡ ಕೂಡಲೇ ಮೇಕೆಗೆ ಅಂತ ಹೊರೆ ಕಟ್ಟುತ್ತಾರೆ.

ದನ ಮೇವು ಬಿಟ್ಟು, ಭೇದಿ ಮಾಡಿ, ಹೊಟ್ಟೆ ನೋವಿಗೆ ಒದ್ದಾಡಿ, ಕಾಲು ಕಿವಿ ತಣ್ಣಗಾದರೆ, ಕಣಗಿಲೆ ತಿಂದಿರುವ ಅನುಮಾನ ಇದ್ದರೆ, ಎಣ್ಣೆ ಮಜ್ಜಿಗೆ ಅಂತ ಕೂರಬೇಡಿ. 1962ಕ್ಕೆ ಫೋನ್ ಮಾಡಿ ಅಥವಾ ಪಶು ಡಾಕ್ಟರನ್ನು ಕರೆಸಿ. ಏನು ತಿಂದಿದೆ ಅನ್ನೋದನ್ನು ಮೊದಲು ಹೇಳಿ, ಎಲೆ ಸಿಕ್ಕರೆ ತೋರಿಸಿ. ದನವನ್ನು ನಡೆಸಬೇಡಿ. ಹೃದಯ ಸೋತಿರುವಾಗ ನಡೆಸಿದರೆ ದಾರಿಯಲ್ಲೇ ಬೀಳುತ್ತೆ.

ಹೂವು ಮತ್ತು ಪೇಟೆ

ಶಿವನ ಪೂಜೆಗೆ ಕಣಗಿಲೆ ಬೇಕೇ ಬೇಕು. ಗುಬ್ಬಿ ಚನ್ನಬಸವೇಶ್ವರ, ಎಡೆಯೂರು ಸಿದ್ಧಲಿಂಗೇಶ್ವರ, ಸಿದ್ಧಗಂಗೆ, ಇಷ್ಟು ದೇವಸ್ಥಾನ ಮಠ ಇರುವ ಜಿಲ್ಲೆಯಲ್ಲಿ ಹೂವಿಗೆ ಗಿರಾಕಿ ಹುಡುಕುವುದೇನೂ ಇಲ್ಲ. ಆದರೆ 2024ರ ಮೇ ತಿಂಗಳಲ್ಲಿ ಕೇರಳದಲ್ಲಿ ಆದದ್ದನ್ನು ಬೆಳೆಯುವವರು ತಿಳಿದಿರಬೇಕು. ಅಲ್ಲಿ ಇದನ್ನು ಅರಳಿ ಅನ್ನುತ್ತಾರೆ (ನಮ್ಮ ಅರಳಿ ಮರ ಬೇರೆ). ಒಬ್ಬ ಯುವತಿ ಫೋನಿನಲ್ಲಿ ಮಾತಾಡುತ್ತಾ ಹೂ ಎಲೆ ಅಗಿದು ಸತ್ತಳು ಅನ್ನುವ ಸುದ್ದಿ ಬಂದ ಮೇಲೆ ತಿರುವಾಂಕೂರು ದೇವಸ್ವಂ ಮಂಡಳಿ, ಮಲಬಾರ್ ದೇವಸ್ವಂ ಮಂಡಳಿಗಳು ತಮ್ಮ ದೇವಸ್ಥಾನಗಳಲ್ಲಿ ನೈವೇದ್ಯಕ್ಕೆ, ಪ್ರಸಾದಕ್ಕೆ ಈ ಹೂ ಸೇರಿಸಬಾರದು ಅಂತ ತೀರ್ಮಾನ ಮಾಡಿದವು. ಪೂಜೆಗೆ ಏರಿಸುವುದನ್ನು ನಿಲ್ಲಿಸಲಿಲ್ಲ. ನನಗೆ ಇದು ಸರಿ ಕಾಣುತ್ತೆ. ಲಿಂಗದ ಮೇಲಿನ ಹೂ ಬೇರೆ, ಬಾಳೆಹಣ್ಣು ಕಾಯಿ ಜೊತೆ ಬಾಯಿಗೆ ಹೋಗುವ ಹೂ ಬೇರೆ. ನಮ್ಮಲ್ಲೂ ಪಂಚಾಮೃತಕ್ಕೆ, ತೀರ್ಥಕ್ಕೆ ಕಣಗಿಲೆ ಎಸಳು ಬೀಳದ ಹಾಗೆ ನೋಡಿಕೊಂಡರೆ ಯಾರೂ ಬೆಳೆಗಾರರ ಮೇಲೆ ಬೆರಳು ತೋರಿಸಬೇಕಾಗಿಲ್ಲ.

ಪೇಟೆಗೆ ಬೇಕಾದ್ದು ಒಂಟಿ ಎಸಳಿನ ಜಾತಿ. ಕೆಂಪು ಮತ್ತು ಗುಲಾಬಿ ಹಾರಕ್ಕೆ, ಬಿಳಿ ಸೋಮವಾರಕ್ಕೆ ಮತ್ತು ಕಾರ್ತಿಕಕ್ಕೆ. ಸುತ್ತು ಎಸಳಿನದು ಮನೆ ಮುಂದೆ ನೋಡಲು ಚೆಂದ, ಘಮವೂ ಇದೆ. ಆದರೆ ಬಾಡಿದ ಹೂ ಉದುರದೆ ಗಿಡದಲ್ಲೇ ಕಂದಾಗಿ ಅಂಟಿಕೊಂಡಿರುತ್ತೆ. ಅರಳಿದ ಹೂ ತುಮಕೂರು ತಲುಪುವಷ್ಟರಲ್ಲಿ ಸೋತಿರುತ್ತೆ. ಆದ್ದರಿಂದ ನಾಳೆ ಅರಳುವ ಮೊಗ್ಗನ್ನು ಬೆಳಗಿನ ಜಾವ ಬಿಡಿಸಿ, ತೇವದ ಬಟ್ಟೆ ಹೊದಿಸಿದ ಬುಟ್ಟಿಯಲ್ಲಿ ಕಳಿಸಬೇಕು. ತೂಕ ಬಾರದ ಹೂ ಇದು. ಕೆ.ಜಿ. ಲೆಕ್ಕದಲ್ಲಿ ಕೊಡುವುದಕ್ಕಿಂತ ಮನೆಯಲ್ಲೇ ಕಟ್ಟಿ ಮಾರಿನ ಲೆಕ್ಕದಲ್ಲಿ ಕೊಟ್ಟರೆ ಕೈಯಲ್ಲಿ ಹೆಚ್ಚು ನಿಲ್ಲುತ್ತೆ. ಬೇಸಿಗೆಯಲ್ಲಿ ಹೂ ಹೆಚ್ಚು, ಚಳಿಯಲ್ಲಿ ಕಡಿಮೆ. ಕಾರ್ತಿಕದಲ್ಲಿ ಬೆಲೆ ಬಂದಾಗ ಹೂ ಇರಬೇಕಾದರೆ ಒಂದು ಸಾಲನ್ನು ಮಖೆ ಮಳೆ ಹೊತ್ತಿಗೆ ತುದಿ ಚಿವುಟಿ ನೋಡಬಹುದು. ನಾನು ಹೋದ ವರ್ಷ ಹತ್ತು ಗಿಡಕ್ಕೆ ಹಾಗೆ ಮಾಡಿದೆ, ಕಾರ್ತಿಕದ ನಾಲ್ಕು ಸೋಮವಾರಕ್ಕೂ ಮನೆಗೆ ಆಗಿ ಪೇಟೆಗೂ ಕಳಿಸುವಷ್ಟು ಮೊಗ್ಗು ಸಿಕ್ಕಿತು.